ಅಸಲ್ ಉತ್ತರ್ 1965: ಪ್ಯಾಟನ್ ಟ್ಯಾಂಕ್‌ಗಳು ಕಬ್ಬಿನ ಗದ್ದೆಯಲ್ಲಿ ಸೋತದ್ದು ಹೇಗೆ?

[ನಕ್ಷೆ: ಕಸೂರ್, ಖೇಮ್ ಕರಣ್, ಅಸಲ್ ಉತ್ತರ್, ಬಿಯಾಸ್ ನದಿ]

1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಪಂಜಾಬಿನ ಅಸಲ್ ಉತ್ತರ್ ಹಳ್ಳಿ ಹತ್ತಿರ ದೊಡ್ಡ ಟ್ಯಾಂಕ್ ಕಾಳಗ ನಡೀತು. ಪಾಕಿಸ್ತಾನದ ಹತ್ತಿರ ಇದ್ದ ಅಮೆರಿಕದ ಪ್ಯಾಟನ್ ಕಳಪೆ ಟ್ಯಾಂಕ್, ಅದಕ್ಕೇ ಪಾಕಿಸ್ತಾನ ಸೋತಿತು ಅನ್ನೋ ಮಾತು ಎಲ್ಲ ಕಡೆ ಕೇಳಿಬರುತ್ತೆ. ಅದು ಸರಿಯಲ್ಲ. 90 ಎಂಎಂ ತೋಪು, ಗುರಿಯ ದೂರ ಅಳೆಯೋ ರೇಂಜ್‌ಫೈಂಡರ್ ಎಲ್ಲ ಅದರಲ್ಲಿತ್ತು. ಭಾರತದ ಕಡೆ ಅದಕ್ಕೆ ಸರಿಸಮ ಅಂದ್ರೆ 3ನೇ ಕ್ಯಾವಲ್ರಿ ಅನ್ನೋ ಟ್ಯಾಂಕ್ ರೆಜಿಮೆಂಟಿನ ಸೆಂಚುರಿಯನ್ ಒಂದೇ. ಡೆಕ್ಕನ್ ಹಾರ್ಸ್ ರೆಜಿಮೆಂಟ್ ಹತ್ತಿರ ಎರಡನೇ ಮಹಾಯುದ್ಧದ ಕಾಲದ ಶೆರ್ಮನ್, 8ನೇ ಕ್ಯಾವಲ್ರಿ ಹತ್ತಿರ ಹಗುರವಾದ ಎಎಂಎಕ್ಸ್-13.

ಪಾಕಿಸ್ತಾನದ ಯೋಜನೆಯಲ್ಲೂ ದೋಷವಿರಲಿಲ್ಲ. ಮೇಜರ್ ಜನರಲ್ ನಾಸಿರ್ ಅಹ್ಮದ್ ಖಾನ್ ಅವರ 1ನೇ ಆರ್ಮರ್ಡ್ (ಟ್ಯಾಂಕ್) ಡಿವಿಷನ್ ಗಡಿಯ ಭಾರತೀಯ ಊರು ಖೇಮ್ ಕರಣ್ ದಾಟಿ ಬಿಯಾಸ್ ಸೇತುವೆ ಹಿಡಿಯಬೇಕು. ಹಿಡಿದಿದ್ರೆ ಅಮೃತಸರಕ್ಕೂ, ಲಾಹೋರ್ ಎದುರಿಗಿದ್ದ ಭಾರತೀಯ ಪಡೆಗೂ ಹಿಂದಿನ ದಾರಿ ಬಂದ್.

[ನಕ್ಷೆ: ಕುದುರೆ ಲಾಳದ ಆಕಾರ ಮೂಡುತ್ತದೆ, ಬಾಯಿ ಖೇಮ್ ಕರಣ್ ಕಡೆಗೆ]

ಎದುರಿಗಿದ್ದದ್ದು ಭಾರತದ ಮೇಜರ್ ಜನರಲ್ ಗುರ್‌ಬಕ್ಷ್ ಸಿಂಗ್ ಅವರ 4ನೇ ಮೌಂಟನ್ ಡಿವಿಷನ್. ಸೆಪ್ಟೆಂಬರ್ 6ರಂದು ತಾನೇ ನಡೆಸಿದ ದಾಳಿಯಲ್ಲಿ ಪೆಟ್ಟು ತಿಂದಿದ್ದ ಪಡೆ ಅದು. ಖೇಮ್ ಕರಣ್ ಬಿಟ್ಟು ಅಸಲ್ ಉತ್ತರ್ ಸುತ್ತ ಲಾಳದ ಆಕಾರದಲ್ಲಿ ಬೀಡುಬಿಟ್ಟರು. ಬ್ರಿಗೇಡಿಯರ್ ಥಿಯೋಗರಾಜ್ ಅವರ 2ನೇ ಸ್ವತಂತ್ರ ಆರ್ಮರ್ಡ್ ಬ್ರಿಗೇಡಿನ ಟ್ಯಾಂಕ್‌ಗಳು ಎತ್ತರದ ಕಬ್ಬಿನೊಳಗೆ ಅಡಗಿದವು. ಕಾಲುವೆ ಒಡೆದು ಹೊಲಕ್ಕೆ ನೀರು ಬಿಟ್ಟರು.

ಆಟ ಬದಲಾದದ್ದು ಇಲ್ಲೇ. ಪ್ಯಾಟನ್ನಿನ ಬಲ ಇದ್ದದ್ದು ದೂರದ ಗುರಿಯಲ್ಲಿ. ಕಬ್ಬಿನ ಗದ್ದೆಯಲ್ಲಿ ದೂರವೇ ಇಲ್ಲ, ರೇಂಜ್‌ಫೈಂಡರ್ ಇದ್ದೂ ದಂಡ. ನಲವತ್ತು ಟನ್ ಮೀರಿದ ಗಾಡಿ ಕೆಸರಲ್ಲಿ ಹೂತರೆ ತಿರುಗಿಸೋಕೂ ಆಗಲ್ಲ. ಒಣ ನೆಲ ಹುಡುಕಿ ಪಕ್ಕಕ್ಕೆ ಹೊರಳಿದ್ರೆ ತೆಳು ಉಕ್ಕಿನ ಮಗ್ಗುಲು ಎದುರಾಳಿ ತೋಪಿಗೆ ಸಿಗುತ್ತೆ. ಅಷ್ಟು ಹತ್ತಿರದಿಂದ ಹೊಡೆದ್ರೆ ಶೆರ್ಮನ್ ಗುಂಡೂ ಸಾಕು. ಪ್ಯಾಟನ್‌ಗಳ ಜೊತೆಗೆ ಸಾಕಷ್ಟು ಕಾಲಾಳುಗಳೂ ಇಲ್ಲ. ಕಬ್ಬಿನೊಳಗೆ ಯಾರಿದ್ದಾರೆ ಅಂತ ನೋಡೋರು ಯಾರು?

[ಚಿತ್ರ: ಜೀಪಿನ ಮೇಲೆ 106 ಎಂಎಂ ಆರ್‌ಸಿಎಲ್ ತೋಪು]

ಭಾರತದ ಕಾಲಾಳುಗಳು ಟ್ಯಾಂಕ್ ಹೊಡೆಯೋಕೆ ಬಳಸಿದ ಆರ್‌ಸಿಎಲ್ (ರಿಕಾಯ್ಲ್‌ಲೆಸ್, ಅಂದ್ರೆ ಹಿಂದಕ್ಕೆ ಒದೆಯದ ತೋಪು) ಬಗ್ಗೆ ಸ್ವಲ್ಪ ವಿವರ ಬೇಕು. ನಳಿಗೆಯ ಮೇಲೆ ಒಂದು ಚಿಕ್ಕ ಗುರಿಬಂದೂಕು ಇರುತ್ತೆ. ಮೊದಲು ಅದರಿಂದ ಗುಂಡು ಹಾರಿಸಿ, ಅದು ಟ್ಯಾಂಕಿಗೆ ತಗುಲಿದ್ದು ಕಂಡ ಮೇಲೆ ದೊಡ್ಡ ಶೆಲ್ ಬಿಡೋದು. ತೊಂದರೆ ಬರೋದು ಆಮೇಲೆ. ಹಿಂಬದಿಯಿಂದ ಚಿಮ್ಮೋ ಬೆಂಕಿ, ಧೂಳು ಜಾಗ ತೋರಿಸಿಬಿಡುತ್ತೆ. ಜೀಪಿಗೆ ಕವಚವೂ ಇಲ್ಲ. ಹೊಡೆದ ತಕ್ಷಣ ಜಾಗ ಬದಲಿಸಲೇಬೇಕು. 4 ಗ್ರೆನೇಡಿಯರ್ಸ್ ಕಾಲ್ದಳದ ಹವಿಲ್ದಾರ್ ಅಬ್ದುಲ್ ಹಮೀದ್ ಚೀಮಾ ಹಳ್ಳಿ ಹತ್ತಿರ ಹೀಗೇ ಒಂದಾದ ಮೇಲೊಂದು ಟ್ಯಾಂಕ್ ಕೆಡವಿದರು. ಸೆಪ್ಟೆಂಬರ್ 10ರಂದು ಅವರ ಜೀಪಿಗೂ ಶೆಲ್ ಬಿತ್ತು. ಮರಣೋತ್ತರ ಪರಮವೀರ ಚಕ್ರ ಬಂತು.

ಅದೇ ದಿನ ಪಾಕಿಸ್ತಾನದ ಫಿರಂಗಿ ದಳದ ಬ್ರಿಗೇಡಿಯರ್ ಶಾಮಿ ಕೂಡ ಮುಂಚೂಣಿಯಲ್ಲೇ ಸತ್ತರು.

[ಚಿತ್ರ: ಭಿಖಿವಿಂಡ್‌ನ 'ಪ್ಯಾಟನ್ ನಗರ', ವಶವಾದ ಪಾಕಿಸ್ತಾನಿ ಟ್ಯಾಂಕ್‌ಗಳನ್ನು ಇಟ್ಟಿದ್ದ ಜಾಗ]

ಪಾಕಿಸ್ತಾನ ಕಳೆದುಕೊಂಡ ಟ್ಯಾಂಕ್‌ಗಳು ಭಾರತದ ಲೆಕ್ಕದಲ್ಲಿ 97. ವೆಸ್ಟರ್ನ್ ಕಮಾಂಡ್‌ನ ಲೆಫ್ಟಿನೆಂಟ್ ಜನರಲ್ ಹರ್‌ಬಕ್ಷ್ ಸಿಂಗ್ ಮುಂದೆ ಬರೆದುಕೊಂಡ ಪ್ರಕಾರ, ಬಿಯಾಸ್ ಹಿಂದಕ್ಕೆ ಸರಿಯಿರಿ ಅಂತ ಸೇನಾ ಮುಖ್ಯಸ್ಥ ಚೌಧುರಿ ಹೇಳಿದ್ರೂ ಹರ್‌ಬಕ್ಷ್ ಒಪ್ಪಲಿಲ್ಲ. ಒಪ್ಪಿದ್ರೆ ಈ ಕಾಳಗವೇ ನಡೀತಿರಲಿಲ್ಲ. ಆದ್ರೆ ಇಷ್ಟೆಲ್ಲ ಗೆದ್ದ ಮೇಲೂ ಖೇಮ್ ಕರಣ್ ಕೈಗೆ ಬರಲಿಲ್ಲ. ಸೆಪ್ಟೆಂಬರ್ 23ರ ಕದನವಿರಾಮದ ಹೊತ್ತಿಗೂ ಅದು ಪಾಕಿಸ್ತಾನದ ವಶದಲ್ಲೇ ಇತ್ತು; ಮರಳಿ ಸಿಕ್ಕಿದ್ದು 1966ರ ತಾಷ್ಕೆಂಟ್ ಒಪ್ಪಂದದ ನಂತರ.