ಬಾಲ ನೋಡಿ ಮೋಸ ಹೋಗಬೇಡಿ

ನಮಸ್ಕಾರ ಕೇಳುಗರೇ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಕೈಯಲ್ಲಿದ್ದ ಬಾಳೆಹಣ್ಣು ಕಳಕೊಂಡವರು ನಿಮ್ಮಲ್ಲಿ ಎಷ್ಟು ಜನ? ನಾನಂತೂ ಎರಡು ಸಲ. ಕಿತ್ತುಕೊಂಡ ಕೋತಿ ಎದುರಿಗೇ ಕೂತು, ಅರ್ಧ ನುಂಗಿ ಅರ್ಧ ಕೆನ್ನೆಯ ಚೀಲಕ್ಕೆ ತುರುಕಿಕೊಂಡು, ನನ್ನನ್ನೇ ನೋಡುತ್ತಿತ್ತು. ಆ ಕೆನ್ನೆಯ ಚೀಲ ದಕ್ಷಿಣ ಅಮೆರಿಕದ ಯಾವ ಕೋತಿಗೂ ಇಲ್ಲ. ಮೂಗೂ ಬೇರೆ. ಇಲ್ಲಿಯವುಗಳ ಹೊಳ್ಳೆ ಕೆಳಕ್ಕೆ, ಅಲ್ಲಿಯವುಗಳದ್ದು ಪಕ್ಕಕ್ಕೆ.

ಇವತ್ತಿನ ಮಾತು ಅಲ್ಲಿನ ಸಾಕಿ ಕೋತಿಗಳದ್ದು. ಹೆಸರು ಸಾಕಿ, ಸಾಕುವ ಪ್ರಾಣಿ ಮಾತ್ರ ಅಲ್ಲ! ಸುಮಾರು 2 ಕೆಜಿ ತೂಕ, ಹಿಂದೆ ನರಿಗಿರುವಂಥ ಪೊದೆ ಬಾಲ. ದಕ್ಷಿಣ ಅಮೆರಿಕದ ಕೋತಿ ಅಂದರೆ ಬಾಲದಿಂದ ಕೊಂಬೆಗೆ ಜೋತು ಬೀಳುತ್ತದೆ ಅಂದುಕೊಂಡಿದ್ದೇವೆ, ಅಲ್ವಾ? ಸಾಕಿಗೆ ಅದು ಆಗದು. ಈ ಬಾಲ ಏನನ್ನೂ ಹಿಡಿಯುವುದಿಲ್ಲ. ಮರದಿಂದ ಮರಕ್ಕೆ ದೂರ ದೂರ ಹಾರುವುದರಲ್ಲಿ ಮಾತ್ರ ಗಟ್ಟಿ ಆಸಾಮಿ.

ಸರಿ, ಪೊದೆ ಬಾಲದವನ್ನೆಲ್ಲ ಒಂದು ಗುಂಪಿಗೆ ಹಾಕೋಣ ಅಂತೀರಾ? ಅಲ್ಲೇ ಎಡವಟ್ಟು. ಗಡ್ಡದ ಸಾಕಿ ಹತ್ತಿರದ ಬಂಧು, ಅದಕ್ಕೂ ಪೊದೆ ಬಾಲವೇ ಇದೆ. ಆದರೆ ಕೆಂಪು ಮೋರೆಯ ಉವಾಕರಿ ಅಂತ ಇನ್ನೊಂದಿದೆ, ಅದರದ್ದು ಮೋಟು ಬಾಲ, ಅದೂ ಇದೇ ಮನೆತನದ್ದು! ಪಿಥೆಸಿಡೆ ಅನ್ನುವ ಕುಟುಂಬದಲ್ಲಿ ಈ ಮೂರೂ ಒಂದೇ ಕವಲು. ಮೂರನ್ನೂ ಕಟ್ಟಿಹಾಕಿರುವುದು ಹಲ್ಲು. ಮುಂದಿನ ಹಲ್ಲು ಮುಂದಕ್ಕೆ ಚಾಚಿವೆ, ಪಕ್ಕದ ಕೋರೆಹಲ್ಲು ದಪ್ಪ, ಹೊರಕ್ಕೆ ವಾಲಿವೆ. ಕೋರೆಯಿಂದ ಗಟ್ಟಿ ಕಾಯಿಯ ಸಿಪ್ಪೆ ಒಡೆದು, ಮುಂದಿನ ಹಲ್ಲಿನಿಂದ ಒಳಗಿನ ಬೀಜ ಕೆರೆದು ತೆಗೆಯುತ್ತವೆ. ಬೇರೆ ಕೋತಿಗಳು ಹಣ್ಣಾಗಲಿ ಅಂತ ಕಾಯುವಷ್ಟರಲ್ಲಿ ಇವು ಎಳೆಗಾಯಿಯಲ್ಲೇ ಊಟ ಮುಗಿಸಿರುತ್ತವೆ. ಜಾಣತನ ಅಂದರೆ ಇದು ನೋಡಿ.

ಬಣ್ಣ ನಂಬಿದರೂ ಕಷ್ಟ. ಬಿಳಿ ಮೋರೆಯ ಸಾಕಿಯಲ್ಲಿ ಗಂಡಿನ ಮೈ ಕಡುಗಪ್ಪು, ಮುಖ ಬೆಳ್ಳಗೆ. ಹೆಣ್ಣು ಬೂದುಗಂದು, ಮೂಗಿನ ಎರಡೂ ಪಕ್ಕ ತೆಳು ಗೆರೆ ಅಷ್ಟೆ. ಎರಡನ್ನೂ ಜೊತೆಗೆ ನಿಲ್ಲಿಸಿದರೆ ಗಂಡ ಹೆಂಡತಿ ಅಂತ ಯಾರೂ ಹೇಳಲಾರರು. ಗಂಡು ಮರಿಯೂ ಮೊದಲು ತಾಯಿಯ ಬಣ್ಣದಲ್ಲೇ ಇದ್ದು, ಬೆಳೆಯುತ್ತಾ ಕಪ್ಪಾಗುತ್ತದೆ. ಹಾಗಾಗಿ ಲೆಕ್ಕವೂ ಬದಲಾಗುತ್ತಾ ಬಂತು. 1987ರಲ್ಲಿ ಸಾಕಿಯ ಜಾತಿ 5 ಅಂತ ಎಣಿಸಿದ್ದರು. 2014ರಲ್ಲಿ ಲಾರಾ ಮಾರ್ಷ್ ಎಂಬ ವಿಜ್ಞಾನಿ, ಮ್ಯೂಸಿಯಂಗಳಲ್ಲಿದ್ದ ಹಳೆಯ ಚರ್ಮಗಳನ್ನೆಲ್ಲ ಮತ್ತೆ ತಿರುವಿ ನೋಡಿ, 16 ಅಂದರು. ಆ 16ರಲ್ಲಿ ವಾಂಜೋಲಿನಿ ಸಾಕಿ ಒಂದು. 1930ರ ದಶಕದಲ್ಲಿ ಸಿಕ್ಕ ಮೇಲೆ ಅದನ್ನು ಜೀವಂತವಾಗಿ ಕಂಡ ವಿಜ್ಞಾನಿಗಳೇ ಇರಲಿಲ್ಲ. ಮಾರ್ಷ್ ತಂಡದವರು 2017ರಲ್ಲಿ ಬ್ರೆಜಿಲ್‌ನ ಕಾಡಿನ ಹೊಳೆಯಲ್ಲಿ ದೋಣಿ ಬಿಟ್ಟುಕೊಂಡು ಹುಡುಕಿ, ಕೊನೆಗೂ ಮರದ ಮೇಲೆ ಅದನ್ನು ಕಂಡರು.