ಹಾಜರಿ ಪುಸ್ತಕ ಯಾರ ಜೇಬಿನಲ್ಲಿದೆ?

ಸ್ನೇಹಿತರೆ,

2020ರ ಲಾಕ್‌ಡೌನಿನಲ್ಲಿ ವಲಸೆ ಕಾರ್ಮಿಕರು ಹೆದ್ದಾರಿಗುಂಟ ನಡೆದು ಹೋದದ್ದನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಮತ್ತೆ ವರ್ಣಿಸುವುದಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಮೇಸ್ತ್ರಿಯ ಅಂಗಿ ಜೇಬಿನಲ್ಲಿರುವ ಹಾಜರಿ ಪುಸ್ತಕದ ಬಗ್ಗೆ.

ಬೆಂಗಳೂರಿನ ದೊಡ್ಡ ಸೈಟುಗಳಲ್ಲಿ ಬಿಹಾರ, ಒಡಿಶಾ, ಬಂಗಾಳದಿಂದ ಬಂದ ಹುಡುಗರಿಗೆ ವಾರವಾರ ಕೈಗೆ ಬರುವುದು ‘ಖರ್ಚಿ’ ಮಾತ್ರ. ಊಟ, ಫೋನ್ ರೀಚಾರ್ಜಿಗೆ ಆಗುವಷ್ಟು. ಉಳಿದ ಲೆಕ್ಕ ಊರಿಗೆ ಹೊರಡುವಾಗ. ಒಂದು ಉದಾಹರಣೆ ತೆಗೆದುಕೊಳ್ಳಿ. ದಿನಕ್ಕೆ 450 ರೂಪಾಯಿ, ತಿಂಗಳಿಗೆ 26 ಹಾಜರಿ ಅಂದರೆ 11,700. ವಾರಕ್ಕೆ ಸಾವಿರದಂತೆ ಖರ್ಚಿ 4,000 ಕಳೆದರೆ 7,700 ಬಾಕಿ. ಮೂರು ತಿಂಗಳಿಗೆ 23,100. ಆ ದುಡ್ಡಿಗೆ ಇರುವ ಒಂದೇ ಸಾಕ್ಷಿ ಆ ಪುಸ್ತಕ. ಮಾರ್ಚ್ 25ಕ್ಕೆ ದೇಶ ಬಾಗಿಲು ಹಾಕಿತು. ಮೇಸ್ತ್ರಿಯ ಫೋನ್ ಸ್ವಿಚ್ ಆಫ್ ಆಯಿತು ಎಂದರೆ ಪುಸ್ತಕವೂ ಹೋಯಿತು, ಮೂರು ತಿಂಗಳ ದುಡಿಮೆಯೂ ಹೋಯಿತು.

ಕಾಯಿದೆ ಇರಲಿಲ್ಲವೇ? ಇತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಐದು ಜನ ವಲಸೆ ಕಾರ್ಮಿಕರಿದ್ದ ಕಡೆಯೂ ಅನ್ವಯಿಸುತ್ತಿತ್ತು. ಕಾರ್ಮಿಕನ ಫೋಟೋ ಅಂಟಿಸಿದ ಪಾಸ್‌ಬುಕ್, ಪ್ರಯಾಣ ಭತ್ಯೆ, ವಸತಿ, ಉಚಿತ ಚಿಕಿತ್ಸೆ ಎಲ್ಲವನ್ನೂ ಬರೆದಿತ್ತು. ಕೂಲಿ ಹಂಚುವಾಗ ಮೂಲ ಮಾಲೀಕನ, ಅಂದರೆ ಗುತ್ತಿಗೆ ಕೊಟ್ಟವನ, ಪ್ರತಿನಿಧಿ ಎದುರಿಗಿದ್ದು ಸಹಿ ಹಾಕಬೇಕು, ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು. ಇನ್ನೇನು ಬೇಕಿತ್ತು? ಆ ಪಾಸ್‌ಬುಕ್ ಒಂದು ಬೇಕಿತ್ತು. ಅದು ಕಾರ್ಮಿಕನ ಕೈಯಲ್ಲಿದ್ದಿದ್ದರೆ ಮೇಸ್ತ್ರಿ ಓಡಿಹೋದರೂ ಲೆಕ್ಕ ಉಳಿಯುತ್ತಿತ್ತು.

ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಒಂದು ಆದೇಶ ಹೊರಡಿಸಿತು. ಕೂಲಿ ಕಡಿತ ಮಾಡಬೇಡಿ, ವಲಸೆ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬೇಡಿ ಎಂದು. ಮೇ 18ರಿಂದ ಅದು ಜಾರಿಯಲ್ಲಿ ಉಳಿಯಲಿಲ್ಲ. ಜೂನ್ 12ಕ್ಕೆ ಸುಪ್ರೀಂ ಕೋರ್ಟು, ಮಾಲೀಕರೂ ಕಾರ್ಮಿಕರೂ ಕೂತು ಮಾತಾಡಿ ಬಗೆಹರಿಸಿಕೊಳ್ಳಿ ಎಂದಿತು. ಅಷ್ಟರಲ್ಲಿ ಎಷ್ಟೋ ಕಾರ್ಮಿಕರು ಊರು ಸೇರಿದ್ದರು. ಮಾತುಕತೆಗೆ ಕೂರುವವರು ಯಾರು? ಮತ್ತೆ ಅದೇ ಪ್ರಶ್ನೆ: ಇವನು ನಮ್ಮಲ್ಲಿ ಕೆಲಸಕ್ಕಿದ್ದ ಎನ್ನುವುದಕ್ಕೆ ಏನಿದೆ ಎಂದು ಮಾಲೀಕ ಕೇಳಿದರೆ ತೋರಿಸಲು ಹಾಜರಿ ಎಲ್ಲಿದೆ?

ಈ ಘಟನೆಯನ್ನು ನಾವು ಕರ್ನಾಟಕದವರು ಮರೆಯಬಾರದು. ಮೇ ಮೊದಲ ವಾರದಲ್ಲಿ ಮಾಲೂರು, ಚಿಕ್ಕಬಾಣಾವರದಿಂದ ವಲಸೆ ಕಾರ್ಮಿಕರನ್ನು ಊರಿಗೆ ಮುಟ್ಟಿಸುವ ಶ್ರಮಿಕ್ ರೈಲುಗಳು ಹೊರಡುತ್ತಿದ್ದವು. ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಹೆಸರು ಬರೆಸಿಕೊಂಡವರು ಗಂಟುಮೂಟೆ ಕಟ್ಟಿ ಕೂತಿದ್ದರು. ಮೇ 5ರಂದು ಬಿಲ್ಡರ್‌ಗಳು ಮುಖ್ಯಮಂತ್ರಿಗಳನ್ನು ಭೇಟಿಯಾದರು. ಅದೇ ದಿನ ಸರ್ಕಾರ ರೈಲ್ವೆಗೆ ಪತ್ರ ಬರೆದು, ಮಾರನೇ ದಿನದಿಂದ ರೈಲು ಬೇಡ ಎಂದಿತು. ಕೆಲಸ ಶುರುವಾಗುತ್ತದೆ, ಜನ ಇಲ್ಲೇ ಇರಲಿ ಎನ್ನುವುದು ವಾದ. ದೇಶದಾದ್ಯಂತ ಆಕ್ಷೇಪ ಎದ್ದ ಮೇಲೆ 7ರಂದು ನಿರ್ಧಾರ ಬದಲಾಯಿತು. ಕಾರ್ಮಿಕರು ಇಲ್ಲೇ ಇರಬೇಕೆಂದು ನಿಜವಾಗಿ ಬಯಸಿದ್ದರೆ ಮೊದಲು ಮಾಡಬೇಕಾಗಿದ್ದದ್ದು ಬಾಕಿ ಚುಕ್ತಾ. ಒಂದು ತಗಡಿನ ಶೆಡ್ಡಿನಲ್ಲಿ ಎಂಟು ಹತ್ತು ಜನ, ಸಾಲಿಗೆಲ್ಲ ಒಂದೇ ನಲ್ಲಿ. ಅಲ್ಲಿ ಆರಡಿ ಅಂತರ ಕಾಯುವುದು ಹೇಗೆ? ಬಾಕಿ ಬಿಟ್ಟು ರೈಲು ಹತ್ತುವುದೋ, ಬಾಕಿಗಾಗಿ ಸೋಂಕಿನ ನಡುವೆ ಕಾಯುವುದೋ? ಯಾವ ಮನುಷ್ಯನಿಗೂ ಇಂಥ ಆಯ್ಕೆ ಬರಬಾರದು.

ಈಗಿನ ಕಾನೂನಿಗೆ ಬರುತ್ತೇನೆ. 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯಿದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ವಲಸೆ ಕಾರ್ಮಿಕರ ಬಗೆಗಿನ ಅಧ್ಯಾಯ ಈಗ ಐದರ ಬದಲು ಹತ್ತು ಜನರಿದ್ದರೆ ಮಾತ್ರ ಅನ್ವಯ. ಇದು ನಷ್ಟ, ನೇರವಾಗಿಯೇ ಹೇಳುತ್ತೇನೆ. ಆದರೆ ಯಾರ ಮೂಲಕವೂ ಅಲ್ಲದೆ ತಾನಾಗಿಯೇ ಬಂದು ಕೆಲಸ ಹಿಡಿದವನೂ, ತಿಂಗಳ ಸಂಬಳ 18,000 ದಾಟದಿದ್ದರೆ, ಈಗ ವಲಸೆ ಕಾರ್ಮಿಕ. ನೇಮಕಾತಿ ಪತ್ರ ಎಲ್ಲರಿಗೂ ಕಡ್ಡಾಯ. ಕೆಲಸದ ಜಾಗದಲ್ಲಿ ಜೀವಕ್ಕೋ ಆರೋಗ್ಯಕ್ಕೋ ಅಪಾಯ ಕಂಡರೆ ಮಾಲೀಕನಿಗೆ ತಿಳಿಸಿ, ಜೊತೆಜೊತೆಗೇ ಇನ್‌ಸ್ಪೆಕ್ಟರ್‌ಗೂ ತಿಳಿಸುವ ಹಕ್ಕಿದೆ.

ಕೂಲಿ ಬಾಕಿಗೆ ಅರ್ಜಿ ಹಾಕಲು ಮೊದಲು 12 ತಿಂಗಳ ಗಡುವು ಇತ್ತು, ವೇತನ ಸಂಹಿತೆಯಲ್ಲಿ ಅದು ಮೂರು ವರ್ಷ. ಎಷ್ಟೇ ಜನರಿದ್ದರೂ ಒಂದೇ ಅರ್ಜಿ ಸಾಕು, ಅವರು ಸದಸ್ಯರಾಗಿರುವ ನೋಂದಾಯಿತ ಯೂನಿಯನ್ನೂ ಹಾಕಬಹುದು. ಹಾಗಾಗಿ ಊರಿಗೆ ಹೋದವನ ಹಕ್ಕು ಬಸ್‌ಸ್ಟ್ಯಾಂಡಿನಲ್ಲೇ ಸಾಯುವುದಿಲ್ಲ. ಇನ್ನೂ ಮುಖ್ಯವಾದದ್ದು, ಕೂಲಿ ಕೊಟ್ಟಿದ್ದೇನೆ ಎಂದು ರುಜುವಾತು ಮಾಡಬೇಕಾದವನು ಮಾಲೀಕ. ಆದರೆ ಅದಕ್ಕೂ ಮೊದಲು, ನಾನು ಅಲ್ಲಿ ದುಡಿದಿದ್ದೆ ಎಂದು ಕಾರ್ಮಿಕ ತೋರಿಸಬೇಕು. ಸುತ್ತಿ ಬಳಸಿ ಹಾಜರಿಗೇ ಬಂದೆವು.

ಲೇಬರ್ ಕಾಲೊನಿಗಳಿಗೆ ಹೋಗುವ ಗೆಳೆಯರು ದಯವಿಟ್ಟು ಇದನ್ನು ಬರೆದುಕೊಳ್ಳಿ. ಪ್ರತಿ ಶನಿವಾರ ಆ ವಾರದ ಹಾಜರಿ, ಓಟಿ, ಪಡೆದ ಖರ್ಚಿ ಬರೆದು ಮೇಸ್ತ್ರಿಗೆ ವಾಟ್ಸಾಪ್ ಮಾಡಿಸಿ. ಅವನು ಉತ್ತರಿಸದಿದ್ದರೂ ಪರವಾಗಿಲ್ಲ, ತಾರೀಕು ಬಿತ್ತಲ್ಲ. ಖರ್ಚಿಯನ್ನು ನಗದಿನ ಬದಲು ಫೋನ್‌ಪೇಯಲ್ಲಿ ಕೇಳಲಿ. ಗೇಟ್‌ಪಾಸ್ ಫೋಟೋ ಇರಲಿ. ಗೇಟಿನ ಮುಂದಿನ ಬೋರ್ಡಿನಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇದ್ದರೆ ಅದರ ಫೋಟೋವನ್ನೂ ತಪ್ಪದೆ ತೆಗೆಸಿ. ಮೇಸ್ತ್ರಿಯ ಹೆಸರು ಫೋನಿನಲ್ಲಿ ‘ಬಾಬು ಭಯ್ಯಾ’ ಎಂದಷ್ಟೇ ಇರುತ್ತದೆ. ನಗಬೇಡಿ, ಆ ಹೆಸರಿಗೆ ನೋಟಿಸ್ ಕಳಿಸಲು ಆಗುವುದಿಲ್ಲ. ರೇರಾ ಸಂಖ್ಯೆಯಿಂದ ಬಿಲ್ಡರ್ ಯಾರು, ಕಚೇರಿ ಎಲ್ಲಿ ಎಂದು ಸಿಗುತ್ತದೆ. ಅರ್ಜಿಯಲ್ಲಿ ಮೇಸ್ತ್ರಿ, ಗುತ್ತಿಗೆದಾರ, ಬಿಲ್ಡರ್ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಮೇಸ್ತ್ರಿಯೊಬ್ಬನ ಮೇಲೆ ಹಾಕಿದರೆ ನೋಟಿಸ್ ವಾಪಸ್ ಬರುತ್ತದೆ, ಅಲ್ಲಿಗೆ ಅರ್ಜಿ ಕೂತುಬಿಡುತ್ತದೆ.

ಸಮಯವಾಯಿತೆಂದು ಚೀಟಿ ಬಂದಿದೆ. ಇನ್ನೆರಡು ವಿಷಯ ಬೇಗ ಹೇಳುತ್ತೇನೆ.

ಒಂದು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ಕೋಟಿ ರೂಪಾಯಿಯ ಕಟ್ಟಡಕ್ಕೆ ಶೇ. 1ರಂತೆ ಒಂದು ಲಕ್ಷ ಸೆಸ್ ಕಟ್ಟಬೇಕು, ಆ ಕಟ್ಟಡದಲ್ಲಿ ದುಡಿದ ಕಾರ್ಮಿಕ ಮಂಡಳಿಯಲ್ಲಿ ನೋಂದಾಯಿಸಿದ್ದಾನೋ ಇಲ್ಲವೋ ಯಾರೂ ಕೇಳುವುದಿಲ್ಲ. 2020ರಲ್ಲಿ ಮೊದಲು 2,000, ಆಮೇಲೆ 3,000 ರೂಪಾಯಿ ನೆರವು ಘೋಷಣೆಯಾದಾಗ ಮಾತ್ರ ನೋಂದಣಿ ಕೇಳಿದರು. ನೋಂದಣಿಗೆ ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ. ಆ 90 ದಿನಕ್ಕೂ ಬೇಕಾದದ್ದು ಹಾಜರಿಯೇ.

ಇನ್ನು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಗಾರ್ಮೆಂಟ್ಸ್, ಸೆಕ್ಯುರಿಟಿ, ಹೌಸ್‌ಕೀಪಿಂಗ್‌ನಲ್ಲಿರುವವರು ಸಂಬಳದಿಂದ ಶೇ. 0.75 ಕಡಿತವಾಗುತ್ತಿದೆಯೇ ಎಂದಷ್ಟೇ ನೋಡಿದರೆ ಸಾಲದು. ತಮ್ಮ ಇಎಸ್‌ಐ ವಿಮಾ ಸಂಖ್ಯೆ ಕೇಳಿ ಪಡೆದು, ವಂತಿಗೆ ನಿಜವಾಗಿ ಜಮೆಯಾಗಿದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ ಸರಾಸರಿ ಕೂಲಿಯ ಶೇ. 90 ಕೊಡುವ ಯೋಜನೆ ಬಂದಾಗ, ಹಿಂದಿನ ಒಂದು ವರ್ಷದಲ್ಲಿ ಕನಿಷ್ಠ 70 ದಿನಗಳ ವಂತಿಗೆ ಇರಬೇಕಿತ್ತು. ಏಜೆನ್ಸಿ ಕಡಿತ ಮಾಡಿಯೂ ಕಟ್ಟದೆ ಇದ್ದರೆ, ಅದನ್ನು ಕಾಯಿಲೆ ಬೀಳುವ ಮೊದಲೇ ಇಎಸ್‌ಐ ಕಚೇರಿಗೆ ಬರೆದು ಕೊಡಬೇಕು. ಪತ್ರಕ್ಕೆ ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬನ್ನಿ.