ಬಸ್ಸಿನ ಲಗೇಜ್ ಡಿಕ್ಕಿಗೆ ಜಾರುವ ಟ್ರೇ: ಕೆಳಗಿನ ಚಕ್ರ ಸರಿ, ಮೇಲಿನ ತಡೆ ಎಲ್ಲಿ?

[ಬಸ್ಸಿನ ಪಕ್ಕ. ಡಿಕ್ಕಿಯ ಬಾಗಿಲು ಮೇಲೆತ್ತಿದೆ. ಒಳಗಿನಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿವೆ.]

ಈ ಕಾಲು ನನ್ನದೇ. ಎರಡು ವರ್ಷ ಹಳೆಯ ವಿಡಿಯೋ ಇದು. ಒಳಗೆ ಏನು ಮಾಡುತ್ತಿದ್ದೇನೆ ಅಂದರೆ, ಶಾವಿಗೆ ಮಣೆ ಹುಡುಕುತ್ತಿದ್ದೇನೆ. ಊರಿಂದ ತಂದ ಕಬ್ಬಿಣದ ಮಣೆ. ಅದು ಡಿಕ್ಕಿಯ ನಟ್ಟನಡುವೆ ಹೋಗಿ ಕೂತಿದೆ. ಎಡಗಡೆಯಿಂದ ಕೈ ಹಾಕಿದರೂ ಸಿಗಲ್ಲ, ಬಲಗಡೆಯಿಂದ ಹಾಕಿದರೂ ಸಿಗಲ್ಲ. ಅದರ ಮುಂದೆ ಮಡಿಸುವ ಕುರ್ಚಿ, ಜಾಕ್, ನೀರಿನ ಪೈಪು, ಎರಡು ಟೂಲ್ ಬಾಕ್ಸ್. ಎಲ್ಲವನ್ನೂ ಹುಲ್ಲಿನ ಮೇಲೆ ಹರವಿ, ಆಮೇಲೆ ಹೊಟ್ಟೆಯ ಮೇಲೆ ತೆವಳಿಕೊಂಡು ಒಳಗೆ ಹೋಗಬೇಕು. ಮೇಲೆ, ಮನೆ ಮಾಡಿಕೊಂಡಿರುವ ಬಸ್ಸಿನೊಳಗೆ, ಒಲೆಯ ಮೇಲೆ ಹಿಟ್ಟು ಬೆಂದು ರೆಡಿ ಇದೆ. "ಸಿಕ್ತಾ?" ಅಂತ ಅಲ್ಲಿಂದ ಕೂಗು ಬೇರೆ.

ನಮಸ್ಕಾರ. ಇವತ್ತಿನ ವಿಷಯ ಬಸ್ಸಿನ ಡಿಕ್ಕಿಗೆ ಹಾಕುವ, ಹೊರಗೆ ಜಾರಿ ಬರುವ ಟ್ರೇ.

ಹೊಸಬರಿಗೆ ಎರಡು ಮಾತು. ನಾವಿರುವುದು ಅಮೆರಿಕದಲ್ಲಿ. ಇಲ್ಲಿ ದೂರದೂರಿನ ಸರ್ವಿಸ್ ಮುಗಿಸಿದ ಹಳೆಯ ಬಸ್ಸನ್ನು ಕೊಂಡು, ಸೀಟು ಕಿತ್ತು, ಮನೆ ಮಾಡಿಕೊಳ್ಳುವ ಹವ್ಯಾಸ ಬಹಳ ಹಳೆಯದು. ನಮ್ಮದು ಎಂಸಿಐ, ಅಂದರೆ ಮೋಟರ್ ಕೋಚ್ ಇಂಡಸ್ಟ್ರೀಸ್ ಕಂಪನಿಯ ಎಂಸಿ-9 ಮಾಡೆಲ್. ಕಂಪನಿ ಹುಟ್ಟಿದ್ದು ಕೆನಡಾದ ವಿನ್ನಿಪೆಗ್‌ನಲ್ಲಿ. ಈ ಹವ್ಯಾಸದವರು ಇನ್ನೊಂದು ಹೆಸರು ಯಾವಾಗಲೂ ಹೇಳುತ್ತಾರೆ, ಪ್ರಿವೋ. ಆ ಬಸ್ ಕಂಪನಿ ಕೆನಡಾದ ಕ್ಯುಬೆಕ್ ಪ್ರಾಂತ್ಯದ್ದು, ಈಗ ವೋಲ್ವೋ ಒಡೆತನದಲ್ಲಿದೆ. ಹೊಸಕೋಟೆಯಲ್ಲಿ ತಯಾರಾಗುವ ವೋಲ್ವೋಗೆ ದೂರದ ದಾಯಾದಿ ಅನ್ನಿ. ನೀವು ಬೆಂಗಳೂರಿನಿಂದ ಮಂಗಳೂರಿಗೆ ವೋಲ್ವೋದಲ್ಲಿ ಹೋಗಿದ್ದರೆ ಡಿಕ್ಕಿ ನೋಡಿಯೇ ಇರುತ್ತೀರಿ. ಸೀಟುಗಳ ಕೆಳಗೆ, ಬಸ್ಸಿನ ಈ ಪಕ್ಕದಿಂದ ಆ ಪಕ್ಕದವರೆಗೂ ಖಾಲಿ ಜಾಗ. ಲಗೇಜ್ ಹಾಕುವವರ ಕೈಯಲ್ಲಿ ಕೊಕ್ಕೆ ಕೋಲು ಇದ್ದರೆ ಮಧ್ಯದ ಸೂಟ್‌ಕೇಸ್ ಹೊರಗೆ ಬರುತ್ತದೆ. ಮಾವಿನಕಾಯಿ ಕೀಳುವ ದೋಟಿಯ ತಮ್ಮ ಅದು. ನಾನೂ ಆರು ತಿಂಗಳು ಅಂಥದ್ದೇ ಒಂದು ಕೋಲು ಇಟ್ಟುಕೊಂಡು ಕಾಲ ತಳ್ಳಿದೆ.

ಹಳದಿ ಸ್ಕೂಲ್ ಬಸ್ಸನ್ನು ಮನೆ ಮಾಡಿಕೊಂಡವರಿಗೆ ಈ ತಲೆನೋವಿಲ್ಲ. ಅದಕ್ಕೆ ಇಷ್ಟು ದೊಡ್ಡ ಡಿಕ್ಕಿಯೇ ಇರುವುದಿಲ್ಲ.

[ಟೇಪ್ ಹಿಡಿದು ಅಗಲ ಅಳೆಯುವ ದೃಶ್ಯ]

ಎಂಸಿ-9ರ ಅಗಲ 96 ಇಂಚು, ಅಂದರೆ ಸುಮಾರು 2.44 ಮೀಟರ್. ಆಮೇಲೆ ಬಂದ ಬಸ್ಸುಗಳು 102 ಇಂಚು. ಮನುಷ್ಯನ ಕೈ ಎಷ್ಟು ಉದ್ದ? ಬಗ್ಗಿ ಚಾಚಿದರೆ 70 ಸೆಂಟಿಮೀಟರ್. ಎರಡೂ ಕಡೆಯಿಂದ 70 ತೆಗೆದರೂ ನಡುವೆ ಒಂದು ಮೀಟರ್ ಜಾಗ ಯಾರ ಕೈಗೂ ಸಿಗದ್ದು. ನನ್ನ ಶಾವಿಗೆ ಮಣೆಯ ಊರು ಅದೇ.

ಇದಕ್ಕೆ ಮದ್ದು ಟ್ರೇ. ಡಿಕ್ಕಿಯ ಅಗಲಕ್ಕೆ ಒಂದು ಚೌಕಟ್ಟು, ಮೇಲೆ ಪ್ಲೈವುಡ್, ಕೆಳಗೆ ಚಕ್ರ. ಎಳೆದರೆ ಸಾಮಾನೆಲ್ಲ ಮೆರವಣಿಗೆ ಬಂದ ಹಾಗೆ ಹೊರಗೆ ಬರುತ್ತದೆ. ರೆಡಿಮೇಡ್ ಸಿಗುತ್ತದೆ, ನಾವೇ ಮಾಡಿಕೊಳ್ಳಲೂಬಹುದು. ನೋಡಿದರೆ ಮೇಜಿನ ಡ್ರಾಯರ್ ಇದ್ದ ಹಾಗೇ ಇದೆ, ಇದರಲ್ಲೇನು ಮಹಾ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಆ ಡ್ರಾಯರನ್ನೇ ನೋಡೋಣ.

[ಹಳೆಯ ಕಬ್ಬಿಣದ ಬೀರು. ಒಳಗಿನ ಡ್ರಾಯರ್ ಎಳೆಯುವ ದೃಶ್ಯ, ಹತ್ತಿರದಿಂದ.]

ಬೀರುವಿನ ಡ್ರಾಯರ್ ಅರ್ಧದವರೆಗೆ ಸಲೀಸಾಗಿ ಬರುತ್ತದೆ. ಇನ್ನೂ ಸ್ವಲ್ಪ ಎಳೆಯಿರಿ. ಮೂತಿ ಕೆಳಗೆ ವಾಲುತ್ತದೆ. ಈಗ ಒಳಗೆ, ಹಿಂದಿನ ತುದಿ ನೋಡಿ. ಅದು ಮೇಲೆದ್ದು ಮೇಲಿನ ತಗಡಿಗೆ ಟಕ್ ಅಂತ ಬಡಿಯಿತು, ಅಲ್ವಾ? ಆ ತಗಡು ಇಲ್ಲದಿದ್ದರೆ ಡ್ರಾಯರ್ ಈಗ ನನ್ನ ಕಾಲ ಮೇಲಿರುತ್ತಿತ್ತು.

ಆ 'ಟಕ್' ಅನ್ನುವುದರಲ್ಲೇ ಇವತ್ತಿನ ಪಾಠ ಇದೆ. ಟ್ರೇ ಮಾಡುವವರೆಲ್ಲ ಭಾರ ಕೆಳಕ್ಕೆ ಒತ್ತುತ್ತದೆ ಅಂತ ಕೆಳಗೆ ಗಟ್ಟಿ ಚಕ್ರ ಹಾಕುತ್ತಾರೆ. ಹಿಂದಿನ ತುದಿ ಮೇಲಕ್ಕೆ ಒತ್ತುತ್ತದೆ ಅನ್ನುವುದು ಮರೆತೇ ಹೋಗುತ್ತದೆ. ಎಷ್ಟು ಒತ್ತುತ್ತದೆ? ಲೆಕ್ಕ ಹಾಕೋಣ. ಹೆದರಬೇಡಿ, ಹಾರೆ ಹಾಕಿ ಕಲ್ಲು ಎಬ್ಬಿಸುವ ಲೆಕ್ಕವೇ.

[ಬಿಳಿ ಹಲಗೆ. ಗೆರೆ ಎಳೆಯುತ್ತಾ.]

ಟ್ರೇ ಉದ್ದ 200 ಸೆಂಟಿಮೀಟರ್ ಇರಲಿ. ಸಾಮಾನು ಸೇರಿ 200 ಕಿಲೋ, ಭಾರ ಸಮನಾಗಿ ಹರಡಿದೆ. ಡಿಕ್ಕಿಯ ಅಂಚಿನಲ್ಲಿ ಒಂದು ಜೊತೆ ಚಕ್ರ, ಅದರ ಮೇಲೆ ಟ್ರೇ ಜಾರುತ್ತದೆ. ಟ್ರೇಯ ಹಿಂದಿನ ತುದಿಯಲ್ಲಿ ಇನ್ನೊಂದು ಜೊತೆ. ಅದು ಒಳಗಿನ ಹಳಿಯಲ್ಲಿ, ಅಂದರೆ ಕೆಳಗೂ ಮೇಲೂ ಪಟ್ಟಿ ಇರುವ ಚಾನಲ್‌ನಲ್ಲಿ ಓಡುತ್ತದೆ.

ಅರ್ಧ ಎಳೆದಾಗ, ಅಂದರೆ 100 ಸೆಂಟಿಮೀಟರ್ ಹೊರಗೆ ಬಂದಾಗ, ಪೂರ್ತಿ 200 ಕಿಲೋ ಅಂಚಿನ ಚಕ್ರದ ಮೇಲಿದೆ. ಹಿಂದಿನ ತುದಿಗೆ ಏನೂ ಕೆಲಸವಿಲ್ಲ. ತಕ್ಕಡಿ ಸಮ.

ನೂರಕ್ಕೆ 60ರಷ್ಟು ಎಳೆಯಿರಿ. 120 ಹೊರಗೆ, 80 ಒಳಗೆ. ಭಾರದ ನಡುಬಿಂದು ಅಂಚಿನಿಂದ 20 ಸೆಂಟಿಮೀಟರ್ ಆಚೆ ಹೋಯಿತು. 200 ಕಿಲೋವನ್ನು 20ರಿಂದ ಗುಣಿಸಿ, 80ರಿಂದ ಭಾಗಿಸಿ. ಹಿಂದಿನ ತುದಿ 50 ಕಿಲೋ ಬಲದಲ್ಲಿ ಮೇಲಕ್ಕೆ ಒತ್ತುತ್ತದೆ. ಅಂಚಿನ ಚಕ್ರದ ಮೇಲೆ 250. ಪರವಾಗಿಲ್ಲ, ತಡೆಯಬಹುದು.

80ರಷ್ಟು ಎಳೆಯಿರಿ. 160 ಹೊರಗೆ, 40 ಒಳಗೆ. ಹಿಂದೆ ಮೇಲಕ್ಕೆ 300 ಕಿಲೋ! ಅಂಚಿನಲ್ಲಿ 500.

90ರಷ್ಟು? ಹಿಂದೆ 800, ಅಂಚಿನಲ್ಲಿ 1000. ಇಟ್ಟಿರುವ ಸಾಮಾನು ಅದೇ 200 ಕಿಲೋ. ಒಂದು ಕಾಸಿನ ಭಾರ ಹೆಚ್ಚಿಲ್ಲ. ಆದರೂ ಅಂಚಿನ ಮೇಲೆ ಒಂದು ಟನ್ ಕೂತಿದೆ.

ನಾನು ಈ ಲೆಕ್ಕ ಮೊದಲೇ ಹಾಕಿದ್ದರೆ ನನ್ನ ಮೊದಲ ಟ್ರೇ ಗುಜರಿಗೆ ಹೋಗುತ್ತಿರಲಿಲ್ಲ.

[ಬಾಗಿದ ಎಲ್ ಆಂಗಲ್‌ನ ತುಂಡು ಕೈಯಲ್ಲಿ. ಹತ್ತಿರದ ದೃಶ್ಯ.]

ಅದರ ಅವಶೇಷ ಇದು. ಹಿಂದಿನ ತುದಿ ಏಳದ ಹಾಗೆ ಮೇಲೆ ಇದ್ದ ತಡೆ ಇದೇ, ಎಲ್ ಆಂಗಲ್, ಅಂದರೆ ಎಲ್ ಆಕಾರದ ಕಬ್ಬಿಣದ ಪಟ್ಟಿ, 3 ಮಿಲಿಮೀಟರ್ ದಪ್ಪ. ಇಲ್ಲಿ ನೋಡಿ, ಹಿಂದಿನ ತುದಿಯ ಚಕ್ರ, ಅಂದರೆ ಬೇರಿಂಗ್, ಒತ್ತಿ ಒತ್ತಿ ಬಟ್ಟಲಿನ ಹಾಗೆ ತಗ್ಗು ಬಿದ್ದಿದೆ. ಇದನ್ನು ಹಿಡಿದಿದ್ದ ರಿವೆಟ್‌ಗಳಲ್ಲಿ ಎರಡು ಕಿತ್ತು ಬಂದಿವೆ. ಕೆಳಗಿನ ಚಕ್ರಗಳು ಮಾತ್ರ ಹೊಸದರ ಹಾಗೆ ಫಳಫಳ ಅನ್ನುತ್ತಿವೆ. ನಾನು ದುಡ್ಡು ಸುರಿದದ್ದೆಲ್ಲ ಅವಕ್ಕೇ.

ಅಂಗಡಿಯ ಟ್ರೇಗಳಲ್ಲಿ ಎಷ್ಟೋ ಮಾಡೆಲ್‌ಗಳು ನೂರಕ್ಕೆ 60ರಷ್ಟೇ ಹೊರಗೆ ಬರುತ್ತವೆ. ಮೊದಲು ನೋಡಿದಾಗ ಜಿಪುಣತನ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಇನ್ನೊಂದು ಮಜಾ ಕೇಳಿ. ಬಸ್ಸಿನ ಡಿಕ್ಕಿಗೆ ಎರಡು ಕಡೆ ಬಾಗಿಲು. ಟ್ರೇ ಎಡಕ್ಕೂ 60, ಬಲಕ್ಕೂ 60 ಬರುವ ಹಾಗೆ ಮಾಡಿದರೆ ಎರಡೂ ಸೇರಿ 120. ನೂರೇ ಸಾಕಿತ್ತಲ್ಲ! ಟ್ರೇಯ ಮೂಲೆಮೂಲೆಯೂ ಯಾವುದಾದರೂ ಒಂದು ಕಡೆಯಿಂದ ಹೊರಗೆ ಬರುತ್ತದೆ. ಹಿಂದಿನ ತುದಿಗೆ 50 ಕಿಲೋಗಿಂತ ಜಾಸ್ತಿ ಕಷ್ಟ ಕೊಡದೆ. ಹಾಗಾಗಿ ನನ್ನ ಓಟು ಎರಡು ಕಡೆ ಜಾರುವ, 60ಕ್ಕೆ ನಿಲ್ಲುವ ಟ್ರೇಗೆ. ಪೂರ್ತಿ ಹೊರಗೆ ಬರಲೇಬೇಕು ಅಂದರೆ ಒಂದರೊಳಗೊಂದು ಜಾರುವ ಹೆವಿ ಡ್ಯೂಟಿ ಸ್ಲೈಡ್ ಬೇಕು. ಅದರ ಮೇಲೆ ಬರೆದಿರುವ 500 ಪೌಂಡ್ (ಸುಮಾರು 227 ಕಿಲೋ) ಅನ್ನುವುದು ಸಾಮಾನ್ಯವಾಗಿ ಎರಡು ಸ್ಲೈಡಿನ ಜೋಡಿಗೆ ಹೇಳಿದ ಲೆಕ್ಕ, ಒಂದೊಂದಕ್ಕಲ್ಲ. ಸ್ಲೈಡ್‌ಗೆ ಇನ್ನೊಂದು ಚಾಳಿ ಇದೆ. ಎರಡೂ ಕಡೆ ಚೂರೂ ಸೊಟ್ಟ ಇಲ್ಲದೆ ಸಮಾನಾಂತರ ಇರಬೇಕು. 40 ವರ್ಷ ರಸ್ತೆಯಲ್ಲಿ ಕುಣಿದ ಬಸ್ಸಿನ ಡಿಕ್ಕಿ ನೇರ ಇರುತ್ತದೆಯೇ? ಅದೂ ಅಲ್ಲದೆ ಮಣ್ಣು, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಎಲ್ಲ ಸ್ಲೈಡ್ ಒಳಗಿನ ಸಣ್ಣ ಗುಂಡುಗಳ ನಡುವೆ ಹೋಗಿ ಕೂರುತ್ತದೆ.

ನಾನು ಈಗ ಹಾಕಿರುವುದು ಸಾದಾ ಪದ್ಧತಿ. ಎಲ್ ಆಂಗಲ್, ದಪ್ಪ ಬೋಲ್ಟು, ಬೇರಿಂಗ್. ಬೇರಿಂಗ್ ಸವೆದರೆ ಯಾವ ಊರಲ್ಲಾದರೂ ಸಿಗುತ್ತದೆ, ಸ್ಪ್ಯಾನರ್ ಒಂದಿದ್ದರೆ ಬದಲಾಯಿಸಬಹುದು. ಸ್ವಲ್ಪ ಸದ್ದು ಮಾಡುತ್ತದೆ, ಒಪ್ಪಿಕೊಳ್ಳುತ್ತೇನೆ.

ಟ್ರೇಯ ಸ್ವಂತ ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. 40 ಮಿಲಿಮೀಟರ್ ಅಗಲ, 5 ದಪ್ಪದ ಎಲ್ ಆಂಗಲ್ ಮೀಟರಿಗೆ ಹತ್ತಿರ ಹತ್ತಿರ 3 ಕಿಲೋ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟಿಗೆ ಅಡ್ಡಪಟ್ಟಿ ಸೇರಿ 8 ಮೀಟರ್ ಬೇಕು. 24 ಕಿಲೋ ಅಲ್ಲೇ ಆಯಿತು. ಪ್ಲೈವುಡ್ ಸೇರಿದರೆ 40. ಇನ್ನೂ ಒಂದು ಚಮಚವನ್ನೂ ಇಟ್ಟಿಲ್ಲ!

[ಡಿಕ್ಕಿಯ ನೆಲಕ್ಕೆ ಬೆರಳಿನಿಂದ ತಟ್ಟುತ್ತಾ. ಡಬ್ ಡಬ್ ಸದ್ದು.]

ಕೇಳಿಸಿತಾ? ತಗಡು. ಸೂಟ್‌ಕೇಸ್ ಹೊರಲು ಮಾಡಿದ್ದು ಇದು. ಸೂಟ್‌ಕೇಸ್ ಭಾರ ಹರಡಿ ಕೂರುತ್ತದೆ. ಚಕ್ರದ ಭಾರ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ. ಅದಕ್ಕೇ ಹಳಿಯನ್ನು ಈ ತಗಡಿಗೆ ಹೊಡೆಯಬೇಡಿ. ತಗಡಿನ ಕೆಳಗಿನ ಅಡ್ಡತೊಲೆಗಳಿಗೆ, ಇಲ್ಲವೇ ಎರಡು ಡಿಕ್ಕಿಗಳ ನಡುವಿನ ಗೋಡೆಯ ಚೌಕಟ್ಟಿಗೆ ಬೋಲ್ಟ್ ಮಾಡಿ. ತೂತು ಕೊರೆಯುವ ಮುಂಚೆ ಬಸ್ಸಿನ ಕೆಳಗೆ ಹೋಗಿ ನೋಡಿ. ಗಾಳಿಯ ಪೈಪು, ವೈರು, ಏನೇನೋ ಓಡಿರುತ್ತವೆ. ಕೆಳಗೆ ಹೋಗುವ ಮುಂಚೆ ಗಟ್ಟಿ ಮರದ ದಿಮ್ಮಿಗಳನ್ನು ಬಸ್ಸಿಗೆ ಊರುಗೋಲು ಕೊಡಿ. ಬಸ್ಸು ನಿಂತಿರುವುದು ಗಾಳಿ ತುಂಬಿದ ರಬ್ಬರ್ ಚೀಲದ ಮೇಲೆ. ಗಾಳಿ ಹೋದರೆ ಬಸ್ಸು ಕೂತುಬಿಡುತ್ತದೆ. ಕೆಳಗೆ ಮನುಷ್ಯ ಇದ್ದಾನೆ ಅಂತ ಅದಕ್ಕೆ ಗೊತ್ತಾಗಲ್ಲ.

ಅಳತೆಯಲ್ಲಿ ನಾನು ಪಟ್ಟ ಪಾಡು ಒಂದಿದೆ, ಹೇಳಿಬಿಡುತ್ತೇನೆ. ಡಿಕ್ಕಿಯ ಒಳಗಿನ ಜಾಗ ಅಳೆದೆ, ಒಂದು ವರ್ಕ್‌ಶಾಪಿನಲ್ಲಿ ಚೌಕಟ್ಟು ವೆಲ್ಡ್ ಮಾಡಿಸಿ ತಂದೆ. ಒಳಗೇ ಹೋಗಲಿಲ್ಲ. ಬಾಗಿಲ ಬಾಯಿ ಒಳಜಾಗಕ್ಕಿಂತ ಚಿಕ್ಕದು, ಅದರ ಸುತ್ತ ರಬ್ಬರ್ ಪಟ್ಟಿ ಬೇರೆ. ಎರಡು ಸೆಂಟಿಮೀಟರ್ ಸಾಲದೆ ಹೋಯಿತು. ಅಳತೆ ಕೊಟ್ಟವನು ನಾನೇ, ಯಾರನ್ನು ಬೈಯಲಿ? ಬಾಯಿಯನ್ನು ಅಳೆಯಿರಿ, ಎರಡೂ ಕಡೆ. ಮೂಲೆಯಿಂದ ಮೂಲೆಗೂ ಒಮ್ಮೆ ಟೇಪ್ ಹಿಡಿಯಿರಿ.

ಇನ್ನು ಚಿಲಕ. ಬಸ್ಸು ತಿರುವಿನಲ್ಲಿ ಹೋಗುವಾಗ ಟ್ರೇ ಹೊರಕ್ಕೆ ತಳ್ಳುತ್ತದೆ. ಟ್ರೇ ಜಾರುವುದೂ ಅದೇ ದಿಕ್ಕಿಗೆ! ಜೋರಾಗಿ ತಿರುಗಿಸಿದರೆ ಭಾರದ ಮೂರನೇ ಒಂದು ಪಾಲಿನಷ್ಟು ಬಲ ಬೀಳಬಹುದು ಅಂತ ಇಟ್ಟುಕೊಳ್ಳಿ. 200 ಕಿಲೋ ಟ್ರೇಗೆ ಅರವತ್ತು ಎಪ್ಪತ್ತು ಕಿಲೋ. ಅದನ್ನು ಡಿಕ್ಕಿಯ ಬಾಗಿಲು ತಡೆಯಲಿ ಅಂತ ಬಿಡಬೇಡಿ. ಟ್ರೇಗೆ ಅದರದೇ ಚಿಲಕ ಇರಲಿ, ಎರಡೂ ತುದಿಗೆ. ಹೊರಗೆ ಎಳೆದಾಗಲೂ ನಿಲ್ಲಿಸುವ ಪಿನ್ ಬೇಕು. ಇಳಿಜಾರಿನಲ್ಲಿ ಬಸ್ಸು ವಾಲಿ ನಿಂತಿದ್ದರೆ ಟ್ರೇ ತಾನಾಗೇ ವಾಪಸ್ ಒಳಗೆ ಓಡುತ್ತದೆ. ನಡುವೆ ನಿಮ್ಮ ಬೆರಳಿರುತ್ತದೆ.

ಬ್ಯಾಟರಿಯನ್ನು ಟ್ರೇ ಮೇಲೆ ಇಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಇಡಬಹುದು. ಆದರೆ ವೈರು ಟ್ರೇ ಜೊತೆ ಓಡಾಡುತ್ತದೆ. ಸಡಿಲ ಬಿಡಿ, ಕಬ್ಬಿಣದ ಅಂಚಿಗೆ ಉಜ್ಜದ ಹಾಗೆ ಹೊದಿಕೆ ಹಾಕಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಡಿ. ಲೆಡ್ ಆಸಿಡ್ ಆದರೆ ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಮೇಲಕ್ಕೆ ಹೋಗಲು ದಾರಿ ಬೇಕು. ಅಡುಗೆ ಗ್ಯಾಸ್ ಸಿಲಿಂಡರ್ ಮಾತ್ರ ಈ ಟ್ರೇ ಮೇಲೆ ಬೇಡವೇ ಬೇಡ. ಅದು ಗಾಳಿಗಿಂತ ಭಾರ, ಸೋರಿದರೆ ಕೆಳಗೇ ತುಂಬಿಕೊಳ್ಳುತ್ತದೆ. ಅದಕ್ಕೆ ಬೇರೆಯದೇ ಖಾನೆ, ಕೆಳಗೆ ಗಾಳಿಕಂಡಿ ಇರುವಂಥದ್ದು.

[ಬೆಳಗಿನ ಕ್ಯಾಂಪ್‌ಗ್ರೌಂಡ್. ಫೋನಿನಲ್ಲಿ ತೆಗೆದ ಫೋಟೋ.]

ಈ ಫೋಟೋ ತೋರಿಸಲು ನಾಚಿಕೆ, ಆದರೂ ತೋರಿಸುತ್ತೇನೆ. ರಾತ್ರಿ ಟ್ರೇ ಹೊರಗೇ ಬಿಟ್ಟು ಮಲಗಿದ್ದೆವು. ಪಕ್ಕದಲ್ಲಿ ಕ್ಯಾಂಪಿನವರು ಗಡಿಗೆ ಅಂತ ಇಟ್ಟ ದಪ್ಪ ಮರದ ತೊಲೆ. ರಾತ್ರಿಯಿಡೀ ಗಾಳಿ ಮೆಲ್ಲಗೆ ಸೋರಿ ಬಸ್ಸು ಕೆಳಗಿಳಿದಿದೆ. ಟ್ರೇ ಹೋಗಿ ತೊಲೆಯ ಮೇಲೆ ಕೂತಿದೆ. ಆಮೇಲೆ ಬಸ್ಸಿನ ಆ ಪಕ್ಕದ ಭಾರವೂ ಟ್ರೇ ಮೇಲೆಯೇ. ಮೂತಿ ಹೇಗೆ ಮೇಲಕ್ಕೆ ಸೊಟ್ಟಗಾಗಿದೆ ನೋಡಿ. ಎಂಜಿನ್ ಸ್ಟಾರ್ಟ್ ಮಾಡಿ, ಗಾಳಿ ತುಂಬಿ ಬಸ್ಸು ಮೇಲೆದ್ದ ಮೇಲೆಯೇ ಬಿಡಿಸಿಕೊಂಡಿದ್ದು. ಈಗ ಮಲಗುವ ಮುಂಚೆ ಒಬ್ಬರು ಬಾಗಿಲ ಬೀಗ ನೋಡುತ್ತೇವೆ, ಇನ್ನೊಬ್ಬರು ಟ್ರೇ ನೋಡುತ್ತೇವೆ.

ಊರಲ್ಲಿ ಬಸ್ಸು, ಟೆಂಪೋ ಟ್ರಾವೆಲರ್ ಕೊಂಡು ಹೀಗೇ ಮಾಡಬೇಕು ಅಂತಿರುವವರು ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ಒಪ್ಪಿಗೆ ಇಲ್ಲದೆ ಗಾಡಿಯ ರೂಪ ಬದಲಾಯಿಸುವ ಹಾಗಿಲ್ಲ.

[ಬಸ್ಸಿನ ಪಕ್ಕ, ಇವತ್ತು. ಚಿಲಕ ತೆಗೆದು ಟ್ರೇ ಎಳೆಯುತ್ತಾ. ಬೇರಿಂಗ್ ಸದ್ದು.]

ಈಗಿನ ಟ್ರೇ ಇದು. ಮೇಲಿನ ತಡೆ 6 ಮಿಲಿಮೀಟರ್, ರಿವೆಟ್ ಇಲ್ಲ, ಬೋಲ್ಟು. ಎಡಕ್ಕೆ ಎಳೆದೆ, 60ಕ್ಕೆ ನಿಂತಿತು. ಟೂಲ್ ಬಾಕ್ಸ್, ಪೈಪು, ಜಾಕ್. ನಾನು ಹುಡುಕುತ್ತಿರುವುದು ಈ ಕಡೆ ಇಲ್ಲ. ಆ ಪಕ್ಕಕ್ಕೆ ಹೋಗೋಣ ಬನ್ನಿ.

[ಕ್ಯಾಮೆರಾ ಬಸ್ಸಿನ ಸುತ್ತ. ಬಲಗಡೆಯ ಬಾಗಿಲು ಮೇಲೇಳುತ್ತದೆ. ಟ್ರೇ ಹೊರಗೆ ಬರುತ್ತದೆ. ಅದರ ಮೇಲೆ ಗೋಣಿಚೀಲ ಸುತ್ತಿದ ಶಾವಿಗೆ ಮಣೆ.]

ಸಿಕ್ತು ಕಣೇ!